ಸಮರಿಯಾ ಕಣಿವೆ: ಮೊಣಕಾಲು ಉಳಿಸಿಕೊಂಡು ಇಳಿಯುವುದು ಹೇಗೆ?

ಗ್ರೀಸ್‌ನ ಕ್ರೀಟ್ ದ್ವೀಪಕ್ಕೆ ಹೋದವರು ಒಂದು ಇಡೀ ದಿನವನ್ನು ಸಮರಿಯಾ ಕಣಿವೆಗೆ ಎತ್ತಿಡಬೇಕು. ಒಮಾಲೊಸ್ ಬಯಲಿನ ಅಂಚಿನಿಂದ ಲಿಬಿಯನ್ ಸಮುದ್ರದ ದಂಡೆಯವರೆಗೆ ಸುಮಾರು 16 ಕಿ.ಮೀ. ನಡಿಗೆ, ಆರೇಳು ಗಂಟೆ. ದಾರಿ ಕಷ್ಟದ್ದಲ್ಲ. ಹೆಚ್ಚಿನವರು ಎಡವುವುದು ಎರಡೇ ಕಡೆ: ಮೊದಲ ಇಳಿಜಾರಿನಲ್ಲಿ, ಕೊನೆಯ ದೋಣಿಯಲ್ಲಿ.

ಕಣಿವೆ ಸಾಮಾನ್ಯವಾಗಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ತೆರೆದಿರುತ್ತದೆ. ಮಳೆ ಬಂದರೆ ಅಥವಾ ಬಿಸಿಲು ಅತಿಯಾದರೆ ಅಂದೇ ಮುಚ್ಚಿಬಿಡುತ್ತಾರೆ. ಹಿಂದಿನ ಸಂಜೆ ವಿಚಾರಿಸಿಕೊಳ್ಳಿ. ಕ್ರೀಟ್‌ನ ಪಶ್ಚಿಮದ ಪಟ್ಟಣ ಹನ್ಯಾದಿಂದ ಒಮಾಲೊಸ್‌ಗೆ ಹೊರಡುವ ಬೆಳಗಿನ ಮೊದಲ ಬಸ್ಸನ್ನೇ ಹಿಡಿಯಿರಿ. ಬಾಡಿಗೆ ಕಾರು ಬೇಡ: ನಡಿಗೆ ಮುಗಿಯುವುದು ಬೆಟ್ಟದ ಆಚೆ, ಕಾರು ಉಳಿಯುವುದು ಈಚೆ.

ಈಗ ಇಳಿಜಾರು. ಕಣಿವೆಗೆ ಇಳಿಯುವ ಕ್ಸಿಲೊಸ್ಕಾಲೊ ಎಂಬ ಬಾಗಿಲು ಸಮುದ್ರಮಟ್ಟದಿಂದ 1,200 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿಂದ ಮೊದಲ ಮೂರು ಕಿ.ಮೀ. ಕಲ್ಲುಮೆಟ್ಟಿಲಿನ ಕಡಿದಾದ ತಿರುವುಗಳು. ಕುಮಾರಪರ್ವತ ಹತ್ತಿದವರೂ ಇಲ್ಲಿ ಮೋಸಹೋಗುತ್ತಾರೆ. ಅಲ್ಲಿ ಮೊದಲು ಏರು, ಮೈ ಬಿಸಿಯಾದ ಮೇಲೆ ಇಳಿತ. ಇಲ್ಲಿ ಬೆಳಗಿನ ಚಳಿಗೆ ಸೆಟೆದ ಕಾಲಿನಲ್ಲೇ ಇಳಿಯಬೇಕು. ಹಾಗಾಗಿ ಹತ್ತು ನಿಮಿಷ ಮೇಲೆಯೇ ಅಡ್ಡಾಡಿ. ಬೂಟಿನ ದಾರವನ್ನು ಕಣಕಾಲಿನ ಬಳಿ ಬಿಗಿಯಾಗಿ, ಬೆರಳಿನ ಕಡೆ ಸಡಿಲವಾಗಿ ಕಟ್ಟಿ. ಇಲ್ಲದಿದ್ದರೆ ಪಾದ ಮುಂದಕ್ಕೆ ಜಾರಿ, ಸಂಜೆಗೆ ಹೆಬ್ಬೆರಳಿನ ಉಗುರು ಕಪ್ಪಾಗಿರುತ್ತದೆ. ಹೆಜ್ಜೆ ಚಿಕ್ಕದಿರಲಿ, ಮೊಣಕಾಲು ತುಸು ಬಾಗಿರಲಿ. ಎತ್ತರದ ಮೆಟ್ಟಿಲಿಗೆ ಅಡ್ಡಲಾಗಿ ತಿರುಗಿ ಇಳಿಯಿರಿ. ಊರುಗೋಲಿದ್ದರೆ ಏರುವಾಗಿನದಕ್ಕಿಂತ ಉದ್ದ ಮಾಡಿಕೊಂಡು, ಕಾಲಿಗಿಂತ ಮೊದಲು ಕೆಳಗಿನ ಮೆಟ್ಟಿಲಿಗೆ ಊರಿ. ಜನರ ಕಾಲಿಗೆ ಸವೆದ ಕಲ್ಲು ನುಣುಪಾಗಿದೆ. ಅದರ ಮೇಲೆ ಸಣ್ಣ ಜಲ್ಲಿ ಬಿದ್ದಿದ್ದರಂತೂ ಜಾರುವುದು ಖಚಿತ. ಹಿಂದಿನವರು ಅವಸರ ಮಾಡಿದರೆ ಪಕ್ಕಕ್ಕೆ ನಿಂತು ಬಿಟ್ಟುಕೊಡಿ. ಚಪ್ಪಲಿ, ಸ್ಯಾಂಡಲ್ ಬೇಡವೇ ಬೇಡ. ಪ್ರವಾಸಕ್ಕೆಂದೇ ಕೊಂಡ ಹೊಚ್ಚಹೊಸ ಬೂಟು ಅದಕ್ಕಿಂತ ಕೆಟ್ಟದ್ದು.

ನೀರಿಗೆ ಒಂದೇ ಬಾಟಲಿ ಸಾಕು, ದಾರಿಯಲ್ಲಿ ಬುಗ್ಗೆಗಳಿವೆ. ತಿನ್ನುವುದಕ್ಕೆ ಮಾತ್ರ ಕಣಿವೆಯೊಳಗೆ ಏನೂ ಸಿಗದು, ಬುತ್ತಿ ಕಟ್ಟಿಕೊಳ್ಳಿ. 1962ರಲ್ಲಿ ಕಣಿವೆ ರಾಷ್ಟ್ರೀಯ ಉದ್ಯಾನ ಆದಾಗ ನಡುದಾರಿಯ ಸಮರಿಯಾ ಹಳ್ಳಿ ಖಾಲಿಯಾಯಿತು. ಊಟಕ್ಕೆ ಅದೇ ಒಳ್ಳೆಯ ಜಾಗ, ಕ್ರಿಕ್ರಿ ಎಂಬ ಕಾಡುಮೇಕೆ ಕಂಡರೂ ಕಾಣಬಹುದು. ಬಂಡೆ ಉರುಳುವ ಎಚ್ಚರಿಕೆ ಫಲಕವಿದ್ದಲ್ಲಿ ಫೋಟೊಗೆ ನಿಲ್ಲದೆ ದಾಟಿ. 11ನೇ ಕಿ.ಮೀ. ಸುಮಾರಿಗೆ ಬರುವ ‘ಪೋರ್ಟೆಸ್’ನಲ್ಲಿ ಗೋಡೆಗಳ ನಡುವಿನ ಅಂತರ ನಾಲ್ಕು ಮೀಟರ್ ಇರಬಹುದು, ಎತ್ತರ ಮುನ್ನೂರರ ಹತ್ತಿರ. ಕಣಿವೆಯ ಪ್ರವೇಶ ಟಿಕೆಟ್ ಎಸೆಯಬೇಡಿ. ಒಳಗೆ ಯಾರೂ ಉಳಿದಿಲ್ಲ ಎಂದು ತಿಳಿಯಲು ಹೊರಬಾಗಿಲಲ್ಲಿ ಅದನ್ನು ಕೇಳುತ್ತಾರೆ.

ಹೊರಬಾಗಿಲಿನಿಂದ ಕಡಲ ದಂಡೆಯ ಊರು ಅಗಿಯಾ ರುಮೇಲಿಗೆ ಇನ್ನೂ ಮೂರು ಕಿ.ಮೀ. ಬಿಸಿಲು, ಸಣ್ಣ ಬಸ್ಸಿದ್ದರೆ ಹತ್ತಿ, ಅದರಲ್ಲೇನೂ ಅವಮಾನವಿಲ್ಲ. ಈ ಊರಿಗೆ ಹೊರಗಿನಿಂದ ರಸ್ತೆಯಿಲ್ಲ, ದೋಣಿಯೇ ಗತಿ. ಸಂಜೆಯ ದೋಣಿ ತಪ್ಪಿದರೆ ರಾತ್ರಿ ಅಲ್ಲೇ. ಆದ್ದರಿಂದ ಸಮುದ್ರಕ್ಕಿಳಿಯುವ ಮೊದಲು, ಊಟಕ್ಕೆ ಕೂರುವ ಮೊದಲು, ದೋಣಿಯ ಟಿಕೆಟ್ ಕೊಳ್ಳಿ. ಒಂದು ದೋಣಿ ಪಶ್ಚಿಮದ ಸೂಯಾಕ್ಕೆ, ಇನ್ನೊಂದು ಪೂರ್ವದ ಹೋರಾ ಸ್ಫಾಕಿಯೊನ್‌ಗೆ. ನಿಮ್ಮ ಬಸ್ಸು ಎಲ್ಲಿ ಕಾಯುತ್ತದೆಂದು ಬೆಳಗ್ಗೆಯೇ ತಿಳಿದಿರಲಿ.

ಸಸ್ಯಾಹಾರಿಗಳು ಹೋಟೆಲಿನಲ್ಲಿ ‘ಹೋರ್ತಾ’ ಎಂದರೆ ಬೇಯಿಸಿದ ಸೊಪ್ಪು, ‘ಡಾಕೊಸ್’ ಎಂದರೆ ಟೊಮೆಟೊ, ಚೀಸ್ ಹಾಕಿದ ಬಾರ್ಲಿ ರಸ್ಕು ಸಿಗುತ್ತದೆ.

ಮರುದಿನಕ್ಕೆ ಪ್ರಾಚೀನ ಕ್ನೋಸೊಸ್ ಅರಮನೆ ಇಟ್ಟುಕೊಳ್ಳಬೇಡಿ. ಅದಿರುವ ಹೆರಾಕ್ಲಿಯನ್ ಹನ್ಯಾದಿಂದ ಸುಮಾರು 140 ಕಿ.ಮೀ., ಅಲ್ಲೂ ಮೆಟ್ಟಿಲುಗಳು, ನಿಮ್ಮ ಮೀನಖಂಡ ಒಪ್ಪುವುದಿಲ್ಲ. ಕ್ನೋಸೊಸ್ ಮೊದಲೇ ಮುಗಿಸಿ, ಈ ನಡಿಗೆಯ ಮರುದಿನ ಹನ್ಯಾದ ಹಳೆ ಬಂದರಿನಲ್ಲಿ ಕುಳಿತಿರಿ.