ಎಸ್‌ಪಿಆರ್‌ನಲ್ಲಿ ಸಣ್ಣ ಅಣುವಿನ ಬಂಧ ಅಳೆಯುವುದು: ಚಿಪ್‌ನಿಂದ ಕರ್ವ್‌ವರೆಗೆ

ಎಸ್‌ಪಿಆರ್ (ಸರ್ಫೇಸ್ ಪ್ಲಾಸ್ಮಾನ್ ರೆಸೊನೆನ್ಸ್) ಎಂದರೆ ಚಿನ್ನದ ಪದರವಿರುವ ಚಿಪ್ ಮೇಲೆ ಪ್ರೋಟೀನ್ ಕೂರಿಸಿ, ಅದರ ಮೇಲೆ ಅಣು ಹರಿಸಿ, ಅದು ಅಂಟುವುದನ್ನು ಬೆಳಕಿನಿಂದ ಅಳೆಯುವ ವಿಧಾನ. ಈ ಯಂತ್ರಕ್ಕೆ ಔಷಧದ ಅಣುವೂ ಒಂದೇ, ಬಫರ್‌ನಲ್ಲಿ ಹೆಚ್ಚಾದ ಒಂದು ತೊಟ್ಟು ಡಿಎಂಎಸ್‌ಒ (ಅಣುವನ್ನು ಕರಗಿಸಿಡುವ ದ್ರಾವಕ) ಕೂಡ ಒಂದೇ. ಚಿನ್ನದ ಪದರದ ಪಕ್ಕ ವಕ್ರೀಭವನ ಸೂಚ್ಯಂಕ (ಬೆಳಕನ್ನು ಬಾಗಿಸುವ ಗುಣ) ಬದಲಾದರೆ ಸಾಕು, ಸಿಗ್ನಲ್ ಬದಲಾಗುತ್ತದೆ. ಹಾಗಾಗಿ ಅರ್ಧ ಕೆಲಸ ಬಂಧ ಅಳೆಯುವುದಾದರೆ, ಉಳಿದರ್ಧ ಬಂಧವಲ್ಲದ್ದನ್ನು ಕಳೆಯುವುದು.

ಚಿಪ್ ಮುಟ್ಟುವ ಮೊದಲು ಲೆಕ್ಕ ಹಾಕಿ. ಗರಿಷ್ಠ ಸಿಗ್ನಲ್ ಎಂದರೆ ಹರಿಸುವ ಅಣುವಿನ ತೂಕವನ್ನು ಕೂರಿಸಿದ ಪ್ರೋಟೀನ್‌ನ ತೂಕದಿಂದ ಭಾಗಿಸಿ, ಕೂರಿಸಿದ ಪ್ರಮಾಣದಿಂದ ಗುಣಿಸಿದ್ದು. 50 ಕಿಲೋಡಾಲ್ಟನ್ ಪ್ರೋಟೀನ್ 5000 ಆರ್‌ಯು (ಸಿಗ್ನಲ್ ಅಳೆಯುವ ಏಕಮಾನ) ಕೂತಿದ್ದರೆ, 400 ಡಾಲ್ಟನ್ ಅಣುವಿನಿಂದ ಸಿಗುವುದು ಹೆಚ್ಚೆಂದರೆ 40 ಆರ್‌ಯು. ಅದೂ ಪ್ರೋಟೀನ್ ಪೂರ್ತಿ ಜೀವಂತವಾಗಿದ್ದರೆ ಮಾತ್ರ, ಹಾಗಿರುವುದು ಅಪರೂಪ.

ಕೂರಿಸಲು ಅಮೀನ್ ಕಪ್ಲಿಂಗ್, ಅಂದರೆ ಪ್ರೋಟೀನ್‌ನ ಅಮೀನ್ ಗುಂಪುಗಳನ್ನು ಚಿಪ್‌ಗೆ ಬೆಸೆಯುವುದು, ಸಾಮಾನ್ಯ ದಾರಿ. ಮೊದಲು ಸಕ್ರಿಯಗೊಳಿಸದ ಡೆಕ್ಸ್‌ಟ್ರಾನ್ (ಸಕ್ಕರೆ ಸರಪಳಿಯ ಲೇಪನವಿರುವ) ಚಿಪ್ ಮೇಲೆಯೇ ಪಿಎಚ್ ಪರೀಕ್ಷೆ ಮಾಡಿ: ಪ್ರೋಟೀನನ್ನು 10 ಮಿಲಿಮೋಲಾರ್ ಸೋಡಿಯಂ ಅಸಿಟೇಟ್‌ನಲ್ಲಿ, ಪಿಎಚ್ 4.0, 4.5, 5.0, 5.5ರಲ್ಲಿ ಒಂದೊಂದಾಗಿ ಹರಿಸಿ. ಸಾಕಷ್ಟು ಸೆಳೆತ ತೋರಿಸುವ ಪಿಎಚ್‌ಗಳಲ್ಲಿ ಎಲ್ಲಕ್ಕಿಂತ ಮೃದುವಾದದ್ದನ್ನು, ಅಂದರೆ ಕಡಿಮೆ ಆಮ್ಲೀಯವಾದದ್ದನ್ನು, ಆರಿಸಿ. ಸ್ಟಾಕ್‌ನಲ್ಲಿ ಉಪ್ಪು ಹೆಚ್ಚಿದ್ದರೆ ಈ ಸೆಳೆತ ಸತ್ತುಹೋಗುತ್ತದೆ. ಟ್ರಿಸ್ ಎಂಬ ಬಫರ್ ಇದ್ದರೆ ಇನ್ನೂ ಕೆಟ್ಟದ್ದು. ಅದರ ಅಮೀನೇ ಪ್ರೋಟೀನ್‌ನ ಜಾಗ ಕಬಳಿಸುತ್ತದೆ. ಬಫರ್ ಬದಲಿಸಿಕೊಂಡೇ ಬನ್ನಿ.

ಆಮೇಲೆ ಚಿಪ್ ಸಕ್ರಿಯಗೊಳಿಸುವ ರಾಸಾಯನಿಕಗಳಾದ 0.4 ಮೋಲಾರ್ ಇಡಿಸಿ ಮತ್ತು 0.1 ಮೋಲಾರ್ ಎನ್‌ಎಚ್‌ಎಸ್ ಸಮಸಮ ಬೆರೆಸಿ, ನಿಮಿಷಕ್ಕೆ 10 ಮೈಕ್ರೋಲೀಟರ್‌ನಂತೆ 7 ನಿಮಿಷ ಹರಿಸಿ. ಇಡಿಸಿ ನೀರಿನಲ್ಲಿ ಬೇಗ ಹಾಳಾಗುವುದರಿಂದ ಬೆರೆಸುವುದು ಕೊನೇ ಗಳಿಗೆಯಲ್ಲಿ. ನಂತರ ಮಿಲಿಲೀಟರಿಗೆ 10ರಿಂದ 50 ಮೈಕ್ರೋಗ್ರಾಂ ಪ್ರೋಟೀನ್. ಕೊನೆಗೆ ಉಳಿದ ಸಕ್ರಿಯ ಜಾಗ ಮುಚ್ಚಲು 1 ಮೋಲಾರ್ ಎಥನಾಲಮೀನ್, ಪಿಎಚ್ 8.5, 7 ನಿಮಿಷ. ಹೋಲಿಕೆಗಾಗಿ ಖಾಲಿ ಇಡುವ ರೆಫರೆನ್ಸ್ ಕೋಶಕ್ಕೂ ಪ್ರೋಟೀನ್ ಬಿಟ್ಟು ಉಳಿದೆಲ್ಲ ಇದೇ ಉಪಚಾರ. ಬಂಧತಾಣದಲ್ಲೇ ಲೈಸಿನ್ (ಅಮೀನ್ ಇರುವ ಅಮೈನೋ ಆಮ್ಲ) ಇದ್ದರೆ ಕಪ್ಲಿಂಗ್ ಅದನ್ನೂ ಹಿಡಿದು ತಾಣ ಮುಚ್ಚಬಹುದು. ಆಗ ಬಯೋಟಿನ್ ಟ್ಯಾಗ್ ಹಾಕಿ ಸ್ಟ್ರೆಪ್ಟಾವಿಡಿನ್ ಚಿಪ್ ಮೇಲೆ ಹಿಡಿಯುವುದು ಲೇಸು.

ಹೆಚ್ಚಿನ ಡೇಟಾ ಕೆಡುವುದು ಡಿಎಂಎಸ್‌ಒದಿಂದ. ಚಿಪ್ ಮೇಲೆ ಸದಾ ಹರಿಯುವ ರನ್ನಿಂಗ್ ಬಫರ್‌ನಲ್ಲಿ 5.0 ಶೇಕಡ, ಸ್ಯಾಂಪಲ್‌ನಲ್ಲಿ 5.1 ಶೇಕಡ ಇದ್ದರೆ ಸುಮಾರು 100 ಆರ್‌ಯು ಜಿಗಿತ ಬರುತ್ತದೆ, ಅದೂ ನಾವು ಹುಡುಕುತ್ತಿರುವುದು 40ರ ಒಳಗಿನದ್ದು! ರೆಫರೆನ್ಸ್ ಕಳೆದರೆ ಮುಗಿಯಿತಲ್ಲ ಎನ್ನಬೇಡಿ. ಪ್ರೋಟೀನ್ ತುಂಬಿದ ಕೋಶದಲ್ಲಿ ದ್ರವಕ್ಕೆ ಜಾಗ ಕಡಿಮೆ, ಆದ್ದರಿಂದ ಎರಡೂ ಕೋಶಗಳ ಜಿಗಿತ ಸಮ ಇರುವುದಿಲ್ಲ. 4.5ರಿಂದ 5.8 ಶೇಕಡದವರೆಗೆ ಎಂಟು ದ್ರಾವಣಗಳ ಸಾಲ್ವೆಂಟ್ ಕರೆಕ್ಷನ್ ಸರಣಿ ಓಡಿಸಿ; ಈ ವ್ಯತ್ಯಾಸವನ್ನು ಅದರಿಂದ ಸರಿಪಡಿಸಬಹುದು. ಸ್ಯಾಂಪಲ್‌ಗಳನ್ನು ರನ್ನಿಂಗ್ ಬಫರ್‌ನಲ್ಲೇ ಹಂತಹಂತವಾಗಿ ತೆಳುವಾಗಿಸಿ, ಪ್ಲೇಟ್ ಮುಚ್ಚಿಡಿ. ಆವಿಯಾದರೂ ಪ್ರಮಾಣ ಸರಿಯುತ್ತದೆ.

ಅಣುವಿನ ಸಾಂದ್ರತೆ ಕೆಡಿಯ (ಅರ್ಧದಷ್ಟು ತಾಣಗಳು ತುಂಬುವ ಸಾಂದ್ರತೆಯ) ಹತ್ತನೇ ಒಂದರಿಂದ ಹತ್ತುಪಟ್ಟಿನವರೆಗೆ ಹರಡಿರಲಿ, ನಡುನಡುವೆ ಬರೀ ಬಫರ್ ಇಂಜೆಕ್ಷನ್ ಇರಲಿ. ಬಿಡುವ ವೇಗ ನಂಬಬೇಕಾದರೆ ಸಿಗ್ನಲ್ ಕನಿಷ್ಠ 5 ಶೇಕಡ ಇಳಿಯುವವರೆಗೆ ಕಾಯಬೇಕು. ವೇಗ ಸೆಕೆಂಡಿಗೆ 0.0001 ಆದರೆ ಅದಕ್ಕೆ ಸುಮಾರು 510 ಸೆಕೆಂಡು ಬೇಕು.

ಇನ್ನು ಕರ್ವ್ ನೋಡಿ. ಪೆಟ್ಟಿಗೆಯಂತೆ ಚೌಕಾಕಾರ ಬಂದರೆ ಬಫರ್ ಹೊಂದಿಲ್ಲ, ಇಲ್ಲವೇ ಬಂಧ ಅತಿ ವೇಗದ್ದು. ಪ್ರಸ್ಥಭೂಮಿಯ ಎತ್ತರ ಸಾಂದ್ರತೆಯೊಂದಿಗೆ ಬಾಗಿ ನಿಂತರೆ ಎರಡನೆಯದು. ಎತ್ತರ ಲೆಕ್ಕದ ಗರಿಷ್ಠವನ್ನೂ ದಾಟಿ ಏರುತ್ತಲೇ ಇದ್ದರೆ ಅಣು ಗುಡ್ಡೆಗಟ್ಟುತ್ತಿದೆ. ಡಿಟರ್ಜೆಂಟ್ ಸ್ವಲ್ಪ ಹೆಚ್ಚಿಸಿ ನೋಡಿ. ಇಂಜೆಕ್ಷನ್ ನಡೆಯುವಾಗಲೇ ಬೇಸ್‌ಲೈನ್‌ಗಿಂತ ಕೆಳಗಿಳಿದರೆ ಅಣು ರೆಫರೆನ್ಸ್‌ಗೇ ಹೆಚ್ಚು ಅಂಟುತ್ತಿರಬಹುದು. ಹರಿವಿನ ವೇಗ ನಿಮಿಷಕ್ಕೆ 30ರಿಂದ 100 ಮೈಕ್ರೋಲೀಟರ್‌ಗೆ ಏರಿಸಿದಾಗ ಹಿಡಿಯುವ ವೇಗ ಬದಲಾದರೆ ಅದು ಮಾಸ್ ಟ್ರಾನ್ಸ್‌ಪೋರ್ಟ್ ತೊಂದರೆ, ಅಂದರೆ ಅಣು ಮೇಲ್ಮೈ ತಲುಪುವುದೇ ನಿಧಾನ. ಕಡಿಮೆ ಪ್ರೋಟೀನ್ ಕೂರಿಸಿ ಮತ್ತೆ ಓಡಿಸಿ.

ಓಟದ ಆರಂಭದಲ್ಲಿ ಹರಿಸಿದ ಪರಿಚಿತ ಅಣುವನ್ನೇ ಕೊನೆಯಲ್ಲೂ ಹರಿಸಿ. ಎತ್ತರ ಕುಸಿದಿದ್ದರೆ ಚಿಪ್ ಮೇಲಿನ ಪ್ರೋಟೀನ್ ದಣಿದಿದೆ; ಫಿಟ್ ಎಷ್ಟೇ ಚೆಂದ ಕಂಡರೂ ಹೊಸ ಚಿಪ್ ತೆಗೆಯಿರಿ.