ಸರ್ಕಲ್ ಟೈಮ್: ಮಕ್ಕಳನ್ನು ಕಾಯಿಸದೆ ನಡೆಸುವುದು ಹೇಗೆ?

ಸರ್ಕಲ್ ಟೈಮ್ ಅಂದರೆ ಶಿಶುವಿಹಾರದ ಮಕ್ಕಳು ಟೀಚರ್ ಜೊತೆ ವೃತ್ತವಾಗಿ ಕೂತು ಹಾಡುವ, ಮಾತಾಡುವ, ಕಥೆ ಕೇಳುವ ಹೊತ್ತು. ಅದು ಕೆಡುವುದು ಹೆಚ್ಚಾಗಿ ಮಕ್ಕಳ ತುಂಟತನದಿಂದಲ್ಲ, ಸುಮ್ಮನೆ ಕಾಯಿಸುವುದರಿಂದ. ಎಲ್ಲರೂ ಬರಲಿ ಅಂತ ಕಾಯಬೇಕು, ಸರದಿಗೆ ಕಾಯಬೇಕು, ಟೀಚರ್ ಪುಸ್ತಕ ಹುಡುಕುವವರೆಗೂ ಕಾಯಬೇಕು. ಪಕ್ಕದವರ ಜಡೆ ಎಳೆಯುವುದು ಶುರುವಾಗುವುದೇ ಈ ಖಾಲಿ ಹೊತ್ತಿನಲ್ಲಿ.

ಮೊದಲು ಜಾಗ. ಚಕ್ಕಳಮಕ್ಕಳ ಹಾಕಿ ಕೂತ ಮಗುವಿಗೆ ಸುಮಾರು 50 ಸೆಂ.ಮೀ. ಬೇಕು. 16 ಮಕ್ಕಳು, ಇಬ್ಬರು ದೊಡ್ಡವರು ಅಂದರೆ ಸುತ್ತಳತೆ 9 ಮೀಟರ್, ಅಡ್ಡಳತೆ ಹತ್ತಿರಹತ್ತಿರ 3 ಮೀಟರ್. ಒಂದೂವರೆ ಮೀಟರ್ ದಾರದ ಒಂದು ತುದಿಯನ್ನು ನಡುವೆ ಒಬ್ಬರು ಒತ್ತಿ ಹಿಡಿಯಲಿ, ಇನ್ನೊಂದಕ್ಕೆ ಸೀಮೆಸುಣ್ಣ ಕಟ್ಟಿ ಸುತ್ತು ಬಂದರೆ ವೃತ್ತ ಸಿದ್ಧ. ಪ್ರತಿ ಮಗುವಿಗೂ ಅದರ ಮೇಲೆ ಒಂದು ಗುರುತಿರಲಿ. ಗುರುತಿಗೆ ಟೇಪ್ ಅಂಟಿಸಿ, ಅದರ ಅಂಚು ಎದ್ದಿದ್ದರೆ ಪುಟ್ಟ ಬೆರಳುಗಳು ಅದನ್ನು ಕೀಳುವುದರಲ್ಲೇ ಮುಳುಗುತ್ತವೆ; ಜಾರದ ತಳವಿರುವ ಸಣ್ಣ ಚಾಪೆ ವಾಸಿ. ಗುರುತೇ ಇಲ್ಲದಿದ್ದರೆ ಮಕ್ಕಳು ಇಂಚಿಂಚೇ ಮುಂದೆ ಸರಿದು, ಐದು ನಿಮಿಷದಲ್ಲಿ ವೃತ್ತ ಗುಂಪಾಗುತ್ತದೆ.

ಟೀಚರ್ ಬೆನ್ನಿಗೆ ಕಿಟಕಿ ಬೇಡ. ಬೆಳಕು ಎದುರಿಗೆ ಹೊಡೆದು ಮಕ್ಕಳಿಗೆ ಮುಖ ಕಪ್ಪಾಗಿ ಕಾಣುತ್ತದೆ. ಆಟಿಕೆಗಳ ಕಪಾಟೂ ಬೇಡ. ಸರಿಸಲು ಆಗದಿದ್ದರೆ ಒಂದು ಬಟ್ಟೆ ಇಳಿಬಿಡಿ.

ಅವಧಿ: 3 ವರ್ಷದವರಿಗೆ 8–10 ನಿಮಿಷ, 4 ವರ್ಷದವರಿಗೆ 10–15, 5 ವರ್ಷದವರಿಗೆ ಹೆಚ್ಚೆಂದರೆ 20. ಊಟಕ್ಕೆ ಸ್ವಲ್ಪ ಮುಂಚೆ ಇಡಬೇಡಿ, ಹಸಿದ ಮಗು ಯಾವ ಕಥೆಗೂ ಬಗ್ಗುವುದಿಲ್ಲ.

ಕರೆಯಲು ದಿನವೂ ಅದೇ ಹಾಡು. ಮೂರು–ನಾಲ್ಕು ಮಕ್ಕಳು ಕೂತೊಡನೆ ಬೆರಳಾಟ ಶುರು ಮಾಡಿಬಿಡಿ. ಉಳಿದವರು ಅದನ್ನು ನೋಡಿ ಓಡಿ ಬರುತ್ತಾರೆ. ತಡವಾಗಿ ಬಂದವರಿಗಾಗಿ ಮೊದಲು ಬಂದವರನ್ನು ಕೂರಿಸಿದರೆ, ಬೇಗ ಬಂದದ್ದಕ್ಕೆ ಶಿಕ್ಷೆ ಕೊಟ್ಟಂತೆ.

ಆಮೇಲೆ ಹೆಸರು ಕೂಗುವ ಹಾಡು 2 ನಿಮಿಷ, ಮುಖ್ಯ ವಿಷಯ 4–5 ನಿಮಿಷ, ಅದರ ನಡುವೆ ಎದ್ದು ನಿಂತು ಕುಣಿಯುವುದು 2 ನಿಮಿಷ, ಕೊನೆಗೆ ಮುಂದೇನು ಎಂಬ ಒಂದು ಮಾತು. ಕುಣಿತವನ್ನು ಬಹುಮಾನದ ಹಾಗೆ ಕೊನೆಗೆ ಉಳಿಸಿಕೊಳ್ಳಬೇಡಿ, ಕೈಕಾಲು ಚಡಪಡಿಸುವುದು ನಡುವಿನಲ್ಲಿ. 1837ರಲ್ಲಿ ಜರ್ಮನಿಯ ಬಾಡ್ ಬ್ಲಾಂಕೆನ್‌ಬುರ್ಗ್‌ನಲ್ಲಿ ಶಿಶುಶಿಕ್ಷಣ ಸಂಸ್ಥೆ ತೆರೆದು, ಮುಂದೆ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ ಫ್ರೋಬೆಲ್ ಕೂಡ ಮಕ್ಕಳಿಗೆ ವೃತ್ತದಲ್ಲಿ ಆಡುವ ಚಲನೆಯ ಆಟಗಳನ್ನೇ ಕೊಟ್ಟಿದ್ದ. ಕ್ಯಾಲೆಂಡರ್ ಮುಂದೆ ತಾರೀಖು ಹೇಳಿಸುವುದನ್ನು ಧಾರಾಳವಾಗಿ ಬಿಡಬಹುದು. ಮೂರು ವರ್ಷದ ಮಗುವಿಗೆ ‘ನಿನ್ನೆ’ಯೇ ಇನ್ನೂ ಸರಿಯಾಗಿ ಕೈಗೆ ಸಿಕ್ಕಿರುವುದಿಲ್ಲ.

ಅತಿ ಹೆಚ್ಚು ಎಡವುವುದು ಸರದಿಯಲ್ಲಿ. 16 ಮಕ್ಕಳು ತಲಾ 30 ಸೆಕೆಂಡ್ ಮಾತಾಡಿದರೆ 8 ನಿಮಿಷ ಹೋಯಿತು, ಅದರಲ್ಲಿ ಪ್ರತಿ ಮಗುವೂ ಏಳೂವರೆ ನಿಮಿಷ ಸುಮ್ಮನಿರಬೇಕು. ದಿನಕ್ಕೆ ನಾಲ್ವರು ಸಾಕು. ಅವತ್ತಿನ ನಾಲ್ವರ ಫೋಟೋವನ್ನು ಬಾಗಿಲ ಬಳಿ ಹಾಕಿದರೆ ‘ನಾನು, ನಾನು’ ಎಂಬ ಕೂಗು ತಗ್ಗುತ್ತದೆ. ಮಾತಾಡುವವರ ಕೈಗೆ ಮೆತ್ತನೆಯ ಚೆಂಡು ಕೊಡಿ. ಸದ್ದು ಮಾಡುವ ವಸ್ತು ಆದರೆ ಅದೇ ಆಟವಾಗುತ್ತದೆ. ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಐದರವರೆಗೆ ಎಣಿಸಿ, ಚಿಕ್ಕವರಿಗೆ ಪದ ಜೋಡಿಸಲು ಅಷ್ಟು ಹೊತ್ತು ಬೇಕು. ಬೇಡವೆಂದು ಚೆಂಡನ್ನು ಮುಂದಕ್ಕೆ ದಾಟಿಸಿದರೆ ಒತ್ತಾಯ ಬೇಡ. ಉಳಿದವರಿಗೂ ಕೆಲಸವಿರಲಿ: ಗೆಳೆಯ ಹೇಳಿದ ಪ್ರಾಣಿಯ ಹಾಗೆ ಎಲ್ಲರೂ ಒಮ್ಮೆ ಕೂಗುವುದು.

ಬೇಕಾದದ್ದೆಲ್ಲ ಒಂದು ಬುಟ್ಟಿಯಲ್ಲಿ, ಬಳಸುವ ಕ್ರಮದಲ್ಲೇ, ಟೀಚರ್ ಬೆನ್ನ ಹಿಂದಿರಲಿ. ಪುಸ್ತಕವನ್ನು ಮಕ್ಕಳ ಕಣ್ಣಿನ ಮಟ್ಟಕ್ಕೆ, ಪಕ್ಕಕ್ಕೆ ಹಿಡಿದು ಓದಿ. ವೃತ್ತದಲ್ಲಿ ನಿಮ್ಮ ಅಕ್ಕಪಕ್ಕದವರಿಗೆ ಚಿತ್ರ ಕಾಣುವುದಿಲ್ಲ, ಆದ್ದರಿಂದ ಕಥೆಯ ಹೊತ್ತಿಗೆ ಅರ್ಧವೃತ್ತ ಮಾಡಿಕೊಳ್ಳಿ.

ಸಹಾಯಕಿ ಹಿಂದೆ ನಿಂತು ‘ಶ್’ ಎನ್ನುವುದರಿಂದ ಏನೂ ಆಗದು. ಹೆಚ್ಚು ಒದ್ದಾಡುವ ಮಗುವಿನ ಪಕ್ಕ, ನೆಲದ ಮೇಲೆ ಕೂತು ಹಾಡಬೇಕು. ಕೂರಲು ಒಲ್ಲದ ಮಗುವಿಗೆ ಕಣ್ಣಳತೆಯಲ್ಲೇ ಸದ್ದಿಲ್ಲದ ಕೆಲಸ ಕೊಡಿ, ಚಿತ್ರದ ತುಂಡುಗಳನ್ನು ಜೋಡಿಸುವಂಥದ್ದು. ದೂರದಿಂದಲೂ ಅದು ಕೇಳಿಸಿಕೊಳ್ಳುತ್ತಿರುತ್ತದೆ. ನಾಲ್ಕೈದು ಮಕ್ಕಳು ಒಟ್ಟಿಗೆ ಹೊರಳಾಡತೊಡಗಿದರೆ ಗದರಬೇಡಿ, ಯೋಜನೆ ಅರ್ಧವಿದ್ದರೂ ಮುಕ್ತಾಯದ ಹಾಡಿಗೆ ಬನ್ನಿ.

ಎಲ್ಲರನ್ನೂ ಒಟ್ಟಿಗೆ ಎಬ್ಬಿಸಿದರೆ ನಲ್ಲಿಯ ಬಳಿ ನೂಕುನುಗ್ಗಲು. ಕೆಂಪು ಬಟ್ಟೆಯವರು ಮೊದಲು, ಆಮೇಲೆ ನೀಲಿ ಬಟ್ಟೆಯವರು, ಹೀಗೆ ಮೂರು–ನಾಲ್ಕು ಮಕ್ಕಳಂತೆ ಕಳಿಸಿ. ಕೊನೆಯ ಗುಂಪು ಏಳುವವರೆಗೂ ಹಾಡು ನಿಲ್ಲಿಸಬೇಡಿ.