ಶಿರಸಿ ಜಾತ್ರೆ ಮುಗಿಸ್ಕೊಂಡು ಕಾಡಿಗೆ ಹೋಗೋರಿಗೆ: ಫೋನ್ ನಂಬ್ಕೊಂಡು ಹೊರಡಬೇಡ್ರಿ

ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಂದ್ಸಲ ಬರೋದು, 2022ರಲ್ಲಿ ಆಯ್ತು, ಆಮೇಲೆ 2024ರಲ್ಲಿ ಮಾರ್ಚ್ 19ರಿಂದ 27ರವರೆಗೆ ಆಯ್ತು. ಹೊರಗಡೆಯಿಂದ ಹೋಗೋರೆಲ್ಲ ಹೆಚ್ಚುಕಮ್ಮಿ ಒಂದೇ ಪ್ಲಾನ್ ಹಾಕ್ತಾರೆ, ಹೆಂಗಿದ್ರೂ ಅಷ್ಟು ದೂರ ಹೋಗ್ತೀವಿ, ಅಮ್ಮನವರ ದರ್ಶನ ಮಾಡ್ಕೊಂಡು ಹಂಗೇ ಯಾಣ, ಉಂಚಳ್ಳಿ ಫಾಲ್ಸು, ಸಹಸ್ರಲಿಂಗ ಎಲ್ಲಾ ನೋಡ್ಕೊಂಡು ಬರೋಣ ಅಂತ. ನಾವೂ 2024ರಲ್ಲಿ ದಾವಣಗೆರೆಯಿಂದ ಒಂದು ಟೆಂಪೋ ಟ್ರಾವೆಲರ್ ಮಾಡ್ಕೊಂಡು ಹಂಗೇ ಹೋದ್ವಿ, ಅಮ್ಮ, ದೊಡ್ಡಮ್ಮ, ಅಕ್ಕ, ಭಾವ, ಅಕ್ಕನ ಮಕ್ಕಳು, ನಾನು. ಅಮ್ಮಂಗೆ ಉಡಿ ತುಂಬೋ ಹರಕೆ ಇತ್ತು. ಅಲ್ಲಿ ಏನೇನಾಯ್ತು, ಏನು ಉಪಯೋಗಕ್ಕೆ ಬಂತು ಅನ್ನೋದನ್ನ ಬರೀತೀನಿ, ಮುಂದಿನ ಜಾತ್ರೆಗೆ ಹೋಗೋ ಯಾರಿಗಾದ್ರೂ ಬೇಕಾಗುತ್ತೆ.

ಮೊದಲು ದಿನದ ವಿಷಯ. ಜಾತ್ರೆ ಶುರುವಾಗೋ ರಾತ್ರಿ ದೇವಸ್ಥಾನದಲ್ಲಿ ದೇವಿಯ ಕಲ್ಯಾಣ, ಮರುದಿನ ಬೆಳಿಗ್ಗೆ ರಥ, ರಥದಲ್ಲಿ ಬಂದ ದೇವಿ ಬಿಡಕಿ ಬೈಲಲ್ಲಿ ಗದ್ದುಗೆ ಮೇಲೆ ಕೂರ್ತಾಳೆ. ಉಡಿ, ಹರಕೆ ಎಲ್ಲಾ ಗದ್ದುಗೆ ಮುಂದೆ. ಹಂಗಾಗಿ ಉಡಿ ಕೊಡೋಕೆ ಹೋಗೋರು ರಥದ ದಿನವೇ ಹೋಗ್ಬೇಕು ಅಂತೇನಿಲ್ಲ, ವಯಸ್ಸಾದವರು ಜೊತೆಗಿದ್ರಂತೂ ಬೇಡವೇ ಬೇಡ, ಆ ದಿನದ ನೂಕುನುಗ್ಗಲು ಬೇರೆಯೇ. ನಾವು ನಡುವಿನ ದಿನಗಳನ್ನ ಇಟ್ಕೊಂಡ್ವಿ, ಬೆಳಗಿನ ಜಾವಕ್ಕೇ ಸಾಲಲ್ಲಿ ನಿಂತ್ವಿ. ಮಾರ್ಚ್ ಬಿಸಿಲು ಮಲೆನಾಡಲ್ಲೂ ಬಿಡಲ್ಲ, ಹನ್ನೊಂದು ಗಂಟೆ ಮೇಲೆ ಆ ಸಾಲಲ್ಲಿ ಅಮ್ಮನ ವಯಸ್ಸಿನವರು ನಿಲ್ಲೋದು ಕಷ್ಟ. ಉಡಿ ಸಾಮಾನು ಊರಿಂದಲೇ ಕಟ್ಕೊಂಡು ಹೋಗಿದ್ವಿ, ಅಕ್ಕಿ, ರವಿಕೆ ಕಣ, ಹಸಿರು ಬಳೆ, ಕಾಯಿ, ಉತ್ತತ್ತಿ, ಎಲೆ ಅಡಿಕೆ, ಅರಿಶಿನ ಕುಂಕುಮ, ಎಲ್ಲಾ ಒಂದು ಬಟ್ಟೆ ಚೀಲದಲ್ಲಿ. ಅಲ್ಲಿ ದಾರಿಯುದ್ದಕ್ಕೂ ಸಿಗುತ್ತೆ, ಆದ್ರೆ ಆ ಜನದ ಮಧ್ಯೆ ನಿಂತ್ಕೊಂಡು ಆರಿಸಿ ತಗೊಳ್ಳೋಕೆ ಟೈಮೂ ಇರಲ್ಲ ಸಮಾಧಾನವೂ ಇರಲ್ಲ.

ಇನ್ನು ಉಳ್ಕೊಳ್ಳೋ ವಿಷಯ. ಎರಡು ತಿಂಗಳ ಹಿಂದೇನೇ ಒಂದು ಲಾಡ್ಜಲ್ಲಿ ಅಡ್ವಾನ್ಸ್ ಕಟ್ಟಿ ರೂಮ್ ಬುಕ್ ಮಾಡಿದ್ವಿ, ಬ್ಯಾಗ್ ಇಳಿಸಿ ಕೌಂಟರ್ ಹತ್ರ ಹೋದ್ರೆ ರೂಮಿಲ್ಲ ಅಂದ್ರು, ಬೇರೆಯವರಿಗೆ ಕೊಟ್ಟಿದಾರೆ, ದುಡ್ಡು ವಾಪಸ್ ತಗೊಳ್ರಿ ಅಂತ. ಜಾತ್ರೆ ಟೈಮಲ್ಲಿ ರೇಟು ದಿನದಿಂದ ದಿನಕ್ಕೆ ಏರುತ್ತೆ, ಹಂಗಾಗಿ ಇಂಥಾದ್ದು ನಡೆಯುತ್ತೆ. ರಾತ್ರಿ ಎಂಟೂವರೆ, ಮಕ್ಕಳಿಗೆ ಹಸಿವು, ದೊಡ್ಡಮ್ಮಂಗೆ ಕಾಲುನೋವು, ನಂಗೆ ಆವತ್ತು ಬಂದ ಸಿಟ್ಟು ಅಷ್ಟಿಷ್ಟಲ್ಲ. ಭಾವನ ಕಾಲೇಜು ಸ್ನೇಹಿತರೊಬ್ರು ಸಿದ್ದಾಪುರ ಕಡೆ ಹಳ್ಳಿಯವರು, ಅವರಿಗೆ ಫೋನ್ ಮಾಡಿದ್ದೇ ತಡ "ಬನ್ನಿ ಬನ್ನಿ, ಜಗಲಿ ದೊಡ್ಡದಿದೆ, ಎಂತ ಅಡ್ಡಿ ಇಲ್ಲ" ಅಂದ್ರು. ಆ ರಾತ್ರಿ ಅವರ ಮನೆಯ ಜಗಲಿಯಲ್ಲಿ ಚಾಪೆ ಹಾಕ್ಕೊಂಡು ಮಲಗಿದ್ವಿ, ತಂಬುಳಿ, ಅಪ್ಪೆಹುಳಿ ಅನ್ನ ಉಂಡ್ವಿ, ಉಳಿದ ದಿನಗಳಿಗೂ ಅಲ್ಲೇ ಇರ್ರಿ ಅಂತ ಅವರೇ ಒತ್ತಾಯ ಮಾಡಿದ್ರು. ಎಲ್ಲರಿಗೂ ಇಂಥ ಸ್ನೇಹಿತರು ಇರಲ್ಲ ಅಲ್ವಾ, ಅದಕ್ಕೆ ಹೇಳೋದು, ಶಿರಸಿ ಪೇಟೆ ಒಳಗೇ ರೂಮ್ ಬೇಕು ಅಂತ ಹಠ ಹಿಡಿಬೇಡ್ರಿ. ಸಿದ್ದಾಪುರ, ಯಲ್ಲಾಪುರ, ಬನವಾಸಿ, ಹಾನಗಲ್, ಇವೆಲ್ಲಾ ವಾಹನ ಇದ್ದವರಿಗೆ ಬೆಳಗಿನ ಜಾವ ಎದ್ದು ಬರೋ ದೂರವೇ. ಬುಕ್ ಮಾಡಿದ್ರೂ ಹೊರಡೋ ಹಿಂದಿನ ದಿನ ಫೋನ್ ಮಾಡಿ ಕನ್ಫರ್ಮ್ ಮಾಡ್ಕೊಳ್ರಿ, ರಸೀದಿಯನ್ನ ಪ್ರಿಂಟ್ ಹಾಕಿಸಿ ಇಟ್ಕೊಳ್ರಿ. ರೈಲಲ್ಲಿ ಬರೋರಿಗೆ ಒಂದು ಮಾತು, ಶಿರಸಿಗೆ ರೈಲು ಇಲ್ಲ, ಹಾವೇರಿಯಲ್ಲೋ ತಾಳಗುಪ್ಪದಲ್ಲೋ ಇಲ್ಲಾ ಕರಾವಳಿ ಕಡೆಯಿಂದ ಬಂದ್ರೆ ಕುಮಟಾದಲ್ಲೋ ಇಳಿದು ಬಸ್ ಹಿಡಿಬೇಕು.

ಜಾತ್ರೆ ಒಳಗೆ ಫೋನ್ ಇದ್ದೂ ಇಲ್ಲದಂಗೆ. ಸಿಗ್ನಲ್ ಕಡ್ಡಿ ಪೂರ್ತಿ ತೋರಿಸ್ತಿರುತ್ತೆ, ಕಾಲ್ ಮಾತ್ರ ಹೋಗಲ್ಲ, ಮೆಸೇಜು ಅರ್ಧ ಗಂಟೆ ಬಿಟ್ಟು ತಲುಪುತ್ತೆ, ಅಷ್ಟು ಜನ ಒಂದೇ ಟವರ್ ಮೇಲೆ ಬಿದ್ರೆ ಇನ್ನೇನಾಗುತ್ತೆ. ಇದು ನಂಗೆ ಬೇರೆ ಜಾತ್ರೆಗಳಲ್ಲೂ ಗೊತ್ತಿದ್ದ ವಿಷಯ, ಅದಕ್ಕೇ ಹೊರಡೋ ಮೊದಲೇ ಎಲ್ಲರಿಗೂ ಒಂದೊಂದು ಚೀಟಿ ಬರೆದು ಕೊಟ್ಟಿದ್ದೆ, ಹೆಸರು, ಊರು, ನನ್ನ ನಂಬರ್, ಭಾವನ ನಂಬರ್, ಗಾಡಿ ನಂಬರ್, ಡ್ರೈವರ್ ನಂಬರ್. ಮಕ್ಕಳ ಚೀಟಿ ಅಂಗಿ ಒಳಜೇಬಲ್ಲಿ ಪಿನ್ ಹಾಕಿ, ದೊಡ್ಡಮ್ಮಂದು ಅವರ ಎಲೆಅಡಿಕೆ ಚೀಲದಲ್ಲಿ. ಯಾರು ತಪ್ಪಿಸ್ಕೊಂಡ್ರೂ ಶಿರಸಿ ಪೇಟೆ ಒಳಗಿರೋ ದೇವಿಕೆರೆ ಹತ್ರ ಬಂದು ನಿಲ್ಲೋದು, ಅಲ್ಲಿಗೆ ಬರೋಕೆ ಆಗ್ಲಿಲ್ಲ ಅಂದ್ರೆ ಪೊಲೀಸರ ಹತ್ರ ಹೋಗೋದು ಅಂತ ಮಾತಾಗಿತ್ತು.

ಉಡಿ ಕೊಟ್ಟು ಹೊರಗೆ ಬಂದ ಮೇಲೆ ಬಳೆ ಅಂಗಡಿ ಸಾಲಲ್ಲಿ ದೊಡ್ಡಮ್ಮ ಕಾಣ್ಲಿಲ್ಲ. ಈಗಿದ್ರು, ಈಗಿಲ್ಲ. ಅಮ್ಮ ಅಳೋಕೇ ಶುರು ಮಾಡಿದ್ರು. ದೊಡ್ಡಮ್ಮಂಗೆ ಓದೋಕೆ ಬರಲ್ಲ, ಫೋನ್ ಇಟ್ಕೊಳ್ಳಲ್ಲ, ಆ ಊರು ಹೊಸದು. ಭಾವ ದೇವಿಕೆರೆ ಕಡೆ ಓಡಿದ್ರು, ನಾನು ಅಂಗಡಿ ಅಂಗಡಿ ಕೇಳ್ಕೊಂಡು ಹೋದೆ. ಅಷ್ಟರಲ್ಲಿ ಮೈಕಲ್ಲಿ ದೊಡ್ಡಮ್ಮನ ಹೆಸರು, ನಮ್ಮ ಊರಿನ ಹೆಸರು ಕೇಳಿಸ್ತು. ಆಗಿದ್ದೇನಂದ್ರೆ, ಅವರು ಗಾಬರಿಯಾಗದೆ ಪಕ್ಕದ ಬಳೆ ಅಂಗಡಿಯವರಿಗೆ ಚೀಟಿ ತೋರ್ಸಿದಾರೆ, ಆಯಮ್ಮ ನಮ್ಮ ನಂಬರಿಗೆ ಟ್ರೈ ಮಾಡಿದಾರೆ, ಹೋಗಿಲ್ಲ, ತಮ್ಮ ಮಗನ್ನ ಜೊತೆ ಮಾಡಿ ಪೊಲೀಸ್ ಚಪ್ಪರಕ್ಕೆ ಕಳಿಸಿದಾರೆ. ಹೋಗಿ ನೋಡಿದ್ರೆ ದೊಡ್ಡಮ್ಮ ಒಂದು ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು ಮಜ್ಜಿಗೆ ಕುಡೀತಿದ್ರು, ಎರಡೂ ಕೈ ತುಂಬ ಹೊಸ ಬಳೆ. ಆ ಬಳೆ ಅಂಗಡಿಯ ತಾಯಿಗೆ ನಾವು ಏನು ಕೊಟ್ರೂ ತಗೊಳ್ಳಲಿಲ್ಲ, "ಅಮ್ಮನವರ ಜಾತ್ರೇಲಿ ಇದಕ್ಕೆಲ್ಲ ದುಡ್ಡು ತಗೋತಾರಾ" ಅಂದ್ರು. ಆ ಒಂದು ಚೀಟಿ ಬರೆಯೋಕೆ ಎರಡು ನಿಮಿಷ ಸಾಕು, ದಯವಿಟ್ಟು ಬರೆದು ಕೊಡ್ರಿ.

ಜಾತ್ರೆ ದಿನವೇ ಕಾಡಿಗೂ ಹೋಗೋ ಪ್ಲಾನ್ ಹಾಕಬೇಡ್ರಿ. ಸಾಲು ಎಷ್ಟೊತ್ತಿಗೆ ಮುಗಿಯುತ್ತೆ ಅಂತ ಹೇಳೋಕಾಗಲ್ಲ, ಪಾರ್ಕಿಂಗಿಂದ ಗಾಡಿ ಹೊರಗೆ ತೆಗೆಯೋಕೇ ಒಂದು ಗಂಟೆ, ಆಮೇಲೆ ಹೊರಟ್ರೆ ಘಟ್ಟದಲ್ಲಿ ಕತ್ತಲಾಗುತ್ತೆ. ನಾವು ಮರುದಿನ ಪೂರ್ತಿ ಆ ಮನೆಯಲ್ಲೇ ಇದ್ವಿ, ಆಲೆಮನೆ ಸೀಸನ್ನು, ಮಕ್ಕಳು ಕಬ್ಬಿನಹಾಲು ಕುಡಿದು ಕುಡಿದು ಸುಸ್ತಾದ್ರು. ಮನೆಯಾಕೆ ತೊಡೆದೇವು ಮಾಡೋದನ್ನ ನಾನು ಹತ್ರ ಕೂತು ನೋಡಿದೆ. ಒಲೆ ಮೇಲೆ ಮಡಕೆ ಬೋರಲು ಹಾಕಿರ್ತಾರೆ, ಕಬ್ಬಿನಹಾಲಲ್ಲಿ ಕಲಸಿದ ತೆಳ್ಳನೆ ಅಕ್ಕಿ ಹಿಟ್ಟಲ್ಲಿ ಬಟ್ಟೆ ಸುತ್ತಿದ ಕಡ್ಡಿ ಅದ್ದಿ ಮಡಕೆ ಮೇಲೆ ಒಂದೇ ಸಲ ಎಳೀತಾರೆ, ಚುಂಯ್ ಅನ್ನೋದ್ರೊಳಗೆ ಬೆಂದಿರುತ್ತೆ, ಮಡಚಿ ತೆಗೆದ್ರೆ ಕಾಗದಕ್ಕಿಂತ ತೆಳು, ಅದಕ್ಕೆ ತುಪ್ಪ. ಟೂರಿಸ್ಟ್ ಜಾಗ ಒಂದು ಕಮ್ಮಿ ನೋಡಿದ್ರೂ ಪರ್ವಾಗಿಲ್ಲ, ಇಂಥ ಒಂದು ದಿನ ಇಟ್ಕೊಳ್ರಿ ಅನ್ನೋದು ನನ್ನ ಖಂಡಿತ ಅಭಿಪ್ರಾಯ.

ಅದರ ಮಾರನೇ ದಿನ ಉಂಚಳ್ಳಿ. ಅಘನಾಶಿನಿ ಹೊಳೆ 116 ಮೀಟರ್ ಎತ್ತರದಿಂದ ಬೀಳೋ ಜಾಗ, ಹೆಗ್ಗರಣೆ ಹತ್ರ. ಮಾರ್ಚಲ್ಲಿ ನೀರು ಕಮ್ಮಿ, ಮಳೆಗಾಲ ಮುಗಿದ ತಕ್ಷಣ ಬಂದ್ರೆ ಅದರ ವೈಭವವೇ ಬೇರೆ, ಆದ್ರೂ ಆ ಕಣಿವೆ ನೋಡೋಕಾದ್ರೂ ಹೋಗ್ಬೇಕು. ಅಲ್ಲಿಗೆ ಹೋಗ್ತಾ ನೆಟ್ವರ್ಕ್ ಹೋಯ್ತು, ಮ್ಯಾಪ್ ಒಂದು ಕವಲಲ್ಲಿ ಎಡಕ್ಕೆ ಅಂತ ತೋರಿಸಿ ಅಲ್ಲೇ ನಿಂತುಬಿಡ್ತು, ಡ್ರೈವರ್ ಎಡಕ್ಕೆ ತಿರುಗಿಸಿದ್ರು. ಮುಂದೆ ಟಾರ್ ಮುಗೀತು, ಒಂದು ಕಡೆ ಅಡಿಕೆ ತೋಟ, ಇನ್ನೊಂದು ಕಡೆ ಬೆಟ್ಟ, ತಿರುಗಿಸೋಕೆ ಜಾಗ ಇಲ್ಲ, ರಿವರ್ಸ್ ತಗೊಳ್ತಾ ಹಿಂದಿನ ಚಕ್ರ ತೋಟದ ಅಗಳಕ್ಕೆ, ಅಂದ್ರೆ ಸುತ್ತ ತೋಡಿದ ಕಂದಕಕ್ಕೆ ಇಳೀತು. ಎಲ್ಲರನ್ನೂ ಇಳಿಸಿ ಮಕ್ಕಳನ್ನ ರಸ್ತೆ ಮಧ್ಯ ನಿಲ್ಲಿಸಿ ನಾನು ನಡ್ಕೊಂಡು ಹೋಗಿ ಮೊದಲು ಸಿಕ್ಕ ಮನೆಯವರನ್ನ ಕರ್ಕೊಂಡು ಬಂದೆ. ಬಂದ ಯಜಮಾನ್ರು ಗಾಡಿ ನೋಡೋ ಮೊದಲು ಕೇಳಿದ್ದು "ಆಸರಿಗೆ ಏನು ಬೇಕು, ಮಕ್ಕಳಿಗೆ ನೀರು ಕೊಟ್ರಾ" ಅಂತ, ಆಸರಿಗೆ ಅಂದ್ರೆ ಕುಡಿಯೋಕೆ. ಆಮೇಲೆ ಅಡಿಕೆ ಮರ ಸೀಳಿದ ದಬ್ಬೆ ತಂದು ಚಕ್ರದ ಅಡಿ ಹಾಸಿ, ನಾಕು ಜನ ನೂಕಿ ಗಾಡಿ ಮೇಲೆ ತಂದ್ರು. ಸರಿ ದಾರಿ ಎಲ್ಲಿ ಅಂತಲೂ ತೋರಿಸಿದ್ರು, ಅಲ್ಲಿಗೆ ಬರೋ ಗಾಡಿಗಳು ಆ ಕವಲಲ್ಲಿ ಹಿಂಗೇ ಒಳಗೆ ಬರ್ತಾವಂತೆ.

ಆ ಕಡೆ ಹೋಗೋರು ಆಫ್‌ಲೈನ್ ಮ್ಯಾಪ್ ಇಟ್ಕೊಂಡ್ರೂ ಕೊನೇ ಅಂಗಡಿ ಸಿಕ್ಕಲ್ಲಿ ಇಳಿದು ದಾರಿ ಕೇಳ್ರಿ, ಕವಲು ಎಲ್ಲಿ, ಬೋರ್ಡ್ ಇದೆಯಾ, ದೊಡ್ಡ ಗಾಡಿ ಹೋಗುತ್ತಾ ಅಂತ. ದೊಡ್ಡ ಗಾಡಿ ಪೇಟೇಲಿ ಬಿಟ್ಟು ಅಲ್ಲಿಯವರದ್ದೇ ಜೀಪೋ ಓಮ್ನಿಯೋ ಮಾಡ್ಕೊಂಡು ಹೋದ್ರೆ ಇನ್ನೂ ಒಳ್ಳೇದು. ಡೀಸೆಲ್ ತುಂಬಿಸ್ಕೊಳ್ರಿ, ಹಗ್ಗ, ಟಾರ್ಚು, ನೀರು, ಕೈಯಲ್ಲಿ ಚಿಲ್ಲರೆ ದುಡ್ಡು ಇರ್ಲಿ, ನೆಟ್ವರ್ಕ್ ಇಲ್ಲದ ಕಡೆ ಫೋನ್ ಪೇ ಕೆಲಸ ಮಾಡಲ್ಲ. ಎಲ್ಲಿಗೆ ಹೋಗ್ತಿದೀವಿ, ಎಷ್ಟೊತ್ತಿಗೆ ವಾಪಸ್ ಅಂತ ಉಳ್ಕೊಂಡ ಮನೆಯವರಿಗೆ ಹೇಳಿ ಹೊರಡ್ರಿ.

ಇನ್ನೊಂದು ವಿಷಯ, ಇದನ್ನ ಹೊರಗಿನವರು ಯಾರೂ ಹೇಳಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಬರೀತೀನಿ. ಜಾತ್ರೆ ಬರೋ ಟೈಮೇ ಮಂಗನ ಕಾಯಿಲೆ ಸೀಸನ್ನು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಗುರುತಿಸಿದ ಕಾಯಿಲೆ, ಉಣುಗು (ಉಣ್ಣೆ ಹುಳ) ಕಚ್ಚಿದ್ರೆ ಬರೋದು, ಡಿಸೆಂಬರಿಂದ ಮೇವರೆಗೆ ಜಾಸ್ತಿ. 2024ರಲ್ಲೂ ಸಿದ್ದಾಪುರ ತಾಲೂಕಲ್ಲಿ ಕೇಸ್ ಇದ್ವು. ನಾವಿದ್ದ ಮನೆಯವರು ಬೆಳಿಗ್ಗೆ ಹೊರಡೋ ಮೊದಲು ಒಂದು ಬಾಟ್ಲಿ ಡೆಪಾ ಎಣ್ಣೆ ಕೊಟ್ಟು ಕೈಕಾಲಿಗೆ ಹಚ್ಚಿಸಿದ್ರು, ಉಣುಗು ಹತ್ತದಂಗೆ ಆರೋಗ್ಯ ಇಲಾಖೆಯವರು ಊರಿನವರಿಗೆ ಹಂಚೋ ಎಣ್ಣೆ ಅದು. ತುಂಬು ತೋಳಿನ ಅಂಗಿ, ಪ್ಯಾಂಟಿನ ತುದಿ ಸಾಕ್ಸ್ ಒಳಗೆ, ತರಗೆಲೆ ಮೇಲೆ ಕೂರಬೇಡಿ, ದಾರಿ ಬಿಟ್ಟು ಒಳಗೆ ನುಗ್ಗಬೇಡಿ ಅಂದ್ರು. ಇಷ್ಟೆಲ್ಲಾ ಮಾಡಿದ್ರೂ ಸಂಜೆ ಸ್ನಾನಕ್ಕೆ ಹೋದಾಗ ಅಕ್ಕನ ಮಗನ ಮೊಣಕಾಲ ಹಿಂದೆ ಒಂದು ಉಣುಗು ಕಚ್ಕೊಂಡಿತ್ತು, ಎಳ್ಳಿನಷ್ಟು ಸಣ್ಣದು, ಮಚ್ಚೆ ಅಂತಲೇ ಅಂದ್ಕೋಬೇಕು. ಉಗುರಲ್ಲಿ ಚಿವುಟಬಾರದು, ಚಿಮಟದಲ್ಲಿ ಚರ್ಮದ ಹತ್ರವೇ ಹಿಡಿದು ನೇರವಾಗಿ ಎಳೀಬೇಕು, ಆಮೇಲೆ ಸೋಪಲ್ಲಿ ತೊಳೀಬೇಕು. ಹಾಕ್ಕೊಂಡ ಬಟ್ಟೆ ಎಲ್ಲಾ ಬಿಸಿನೀರಲ್ಲಿ ನೆನೆಹಾಕಿದ್ವಿ. ಊರಿಗೆ ಬಂದ ಮೇಲೂ ಹುಡುಗನ ಮೈ ಮುಟ್ಟಿ ಮುಟ್ಟಿ ನೋಡ್ತಿದ್ವಿ, ದೇವರ ದಯೆ, ಏನೂ ಆಗ್ಲಿಲ್ಲ. ಕಾಡಿಂದ ಬಂದ ಒಂದೆರಡು ವಾರದಲ್ಲಿ ಇದ್ದಕ್ಕಿದ್ದಂಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದ್ರೆ ಮಾತ್ರೆ ನುಂಗಿ ಮಲಗಬೇಡ್ರಿ, ಡಾಕ್ಟರಿಗೆ "ಇಂಥ ಕಡೆ ಹೋಗಿದ್ದೆ" ಅಂತ ಮೊದಲೇ ಹೇಳ್ರಿ, ಬಯಲುಸೀಮೆ ಡಾಕ್ಟರಿಗೆ ನಾವು ಹೇಳದೆ ಅದು ಹೊಳೆಯಲ್ಲ. ಸತ್ತ ಮಂಗ ಕಂಡ್ರೆ ಹತ್ರ ಹೋಗದೆ ಊರಿನವರಿಗೆ ತಿಳಿಸ್ರಿ.

ಯಾಣದಲ್ಲಿ ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್, ಕಪ್ಪು ಬಂಡೆ. ಆ ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತೆ, ಕೂಗೋದು, ಕಲ್ಲು ಹೊಡೆಯೋದು, ಹೊಗೆ ಹಾಕೋದು, ಸೆಂಟ್ ಹಾಕ್ಕೊಂಡು ಹೋಗೋದು ಯಾವುದೂ ಬೇಡ. ಕುಮಟಾ ಕಡೆ ಹೋಗೋ ದೇವಿಮನೆ ಘಟ್ಟದ ರಸ್ತೆ ಅಗಲ ಮಾಡೋ ಕೆಲಸದಿಂದ ಬಂದ್ ಆಗಿದ್ದುಂಟು, ಹೊರಡೋ ಮೊದಲು ಬಸ್ ಸ್ಟ್ಯಾಂಡಲ್ಲಿ ವಿಚಾರಿಸ್ರಿ. ಸಹಸ್ರಲಿಂಗ ಮಾತ್ರ ಜಾತ್ರೆ ಟೈಮಲ್ಲೇ ನೋಡೋಕೆ ಚಂದ, ಶಾಲ್ಮಲಾ ಹೊಳೆಯಲ್ಲಿ ನೀರು ಇಳಿದಿರೋದ್ರಿಂದ ಬಂಡೆ ಮೇಲೆ ಕೆತ್ತಿದ ಲಿಂಗ, ನಂದಿ ಎಲ್ಲಾ ಕಾಣುತ್ತೆ, ಮಳೆಗಾಲದಲ್ಲಿ ಮುಳುಗಿರುತ್ತೆ. ಪಾಚಿ ಇರೋ ಕಲ್ಲು ಜಾರುತ್ತೆ, ಅಮ್ಮನ್ನ ಕೈ ಹಿಡಿದೇ ಇಳಿಸಿದ್ವಿ.

ಜನ ಕಮ್ಮಿಯಾದ ಮೇಲೆ, ಜಾತ್ರೆ ಮುಗಿದ ವಾರದಲ್ಲಿ ಆರಾಮಾಗಿ ದರ್ಶನ ಮಾಡೋಣ ಅಂತ ಯೋಚನೆ ಇದ್ದವರಿಗೆ ಒಂದು ಸೂಚನೆ. ಗದ್ದುಗೆಯಿಂದ ಎದ್ದ ದೇವಿ ಮತ್ತೆ ದೇವಸ್ಥಾನದಲ್ಲಿ ಪ್ರತಿಷ್ಠಾಪನೆ ಆಗೋದು ಯುಗಾದಿ ದಿನ, ಆ ನಡುವೆ ಹೋದ್ರೆ ದರ್ಶನ ಸಿಗಲ್ಲ. ಯುಗಾದಿ ಕಳೆದ ಮೇಲೆ ಹೋಗ್ರಿ.